ಅಕ್ಕನ ಕಬ್ಬು, ನಮ್ಮವರ ರಾಕೆಟ್ಟು

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಬಾಗಿಲ ಮೇಲೆ ಕೆಂಪು ಅಂಕಿಗಳು ಉರಿಯುತ್ತವೆ. ಮೇಲೆ ಹೋಗುವಾಗ ನನಗೇನೂ ಅನ್ನಿಸುವುದಿಲ್ಲ. ಇಳಿಯುವಾಗ ಮಾತ್ರ ಐದು, ನಾಲ್ಕು, ಮೂರು ಎಂದು ಅಂಕಿ ಕಡಿಮೆಯಾಗುತ್ತ ಬಂದ ಹಾಗೆ ಕಾಯಿಪಲ್ಯೆಯ ಚೀಲವನ್ನು ಎದೆಗೆ ಒತ್ತಿಕೊಳ್ಳುತ್ತೇನೆ. ಕೆಳಗಿನ ಮನೆಯ ಮಾವಶಿ ಒಮ್ಮೆ ಕೇಳಿಯೇಬಿಟ್ಟರು, ಲಿಫ್ಟಿನ ಹೆದರಿಕೆಯೇ ಅಂತ. ಹೌದೆಂದೆ. ಇಳಿಯುವ ಅಂಕಿ ಕಂಡರೆ ಅಕ್ಕನ ಕಬ್ಬು ನೆನಪಾಗುತ್ತದೆ ಎಂಬುದನ್ನು ನೆಲ ಮುಟ್ಟುವುದರೊಳಗೆ ಯಾರಿಗೆ ತಿಳಿಸಿ ಹೇಳಲಾದೀತು? ನಿಮಗಾದರೆ ಹೇಳಬಹುದು. ನಿಮಗೆ ಇಳಿಯುವ ಅವಸರವಿಲ್ಲ.

ಬಹಳ ವರ್ಷದ ಹಿಂದಿನ ಮಾತು. ಸಾಂಗಲಿಯಿಂದ ಮಿರಜಿಗೆ ನಾನು ನಮ್ಮವರನ್ನು ಕಳಿಸಿದ್ದು ಹೊಲಿಗೆ ಮಷೀನಿಗೆ. ಮಿರಜಿನ ಒಂದು ದವಾಖಾನೆಯಲ್ಲಿ ಕೆಲವು ವರ್ಷ ಇದ್ದ ಪರದೇಶದ ಡಾಕ್ಟರ ದಂಪತಿ ತಮ್ಮ ಊರಿಗೆ ಮರಳುವ ಮುನ್ನ ಮನೆಯ ಸಾಮಾನನ್ನೆಲ್ಲ ಅಂಗಳದಲ್ಲಿ ಹರವಿ ಮಾರುತ್ತಿದ್ದಾರೆ ಎಂಬ ಸುದ್ದಿ ಬಂದಿತ್ತು. ಪರದೇಶದ ಸಾಮಾನು ಅಂಗಡಿಗೆ ಆಗಷ್ಟೇ ಬರತೊಡಗಿದ್ದ ದಿನಗಳು ಅವು. ಪುಣೆಗೆ ಹೋದವರು ತಂದು ತೋರಿಸಬೇಕು, ನಾವು ಮುಟ್ಟಿ ನೋಡಿ ತಿರುಗಿ ಕೊಡಬೇಕು. ಅಂಥದರಲ್ಲಿ ಮಿರಜಿಗೇ ಬಂದದ್ದನ್ನು ಬಿಡುವುದುಂಟೇ? ಬೆಳಿಗ್ಗೆ ಹೋದವರು ಮಧ್ಯಾಹ್ನ ಸಿಟಿ ಬಸ್ಸಿನಿಂದ ಇಳಿದಾಗ ಬಗಲಲ್ಲಿ ಉದ್ದನೆಯ ಒಂದು ಡಬ್ಬಿಯಿತ್ತು. ಹೊಲಿಗೆ ಮಷೀನು ಎಷ್ಟೇ ಸಣ್ಣದಿದ್ದರೂ ಬಗಲಲ್ಲಿ ಹಿಡಿಯುವುದಿಲ್ಲ.

"ಮಷೀನ ಎಲ್ಲೈತ್ರಿ?" ಅಂದೆ.

"ನಾ ಹೋಗೂದ್ರಾಗ ಯಾರೋ ಒಯ್ದಿದ್ರು."

"ಮತ್ತ ಇದೇನು?"

"ಬಾಣ," ಅಂದರು, ಸಣ್ಣ ದನಿಯಲ್ಲಿ. "ಖರೇ ಖರೇ ರಾಕೆಟ್ಟು. ನಾವ ಕಟ್ಟಿ ಹಾರಸೂದು."

ಆ ಸಣ್ಣ ದನಿಗೆ ಕಾರಣವಿದೆ. ನಮ್ಮದು ಜೈನರ ಮನೆ. ಹುಳುಹುಪ್ಪಟೆ ಸಾಯುತ್ತವೆಂದು ದೀಪಾವಳಿಗೆ ಪಟಾಕಿ ಹಚ್ಚುವ ಪದ್ಧತಿಯಿಲ್ಲ. ನಮ್ಮವರು ಹುಡುಗರಾಗಿದ್ದಾಗ ಮಾಳಿಗೆಯ ಮೇಲೆ ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ನಿಂತು ಎದುರು ಮನೆಯವರ ಬಾಣ ಹಾರುವುದನ್ನು ನೋಡುತ್ತಿದ್ದರಂತೆ. ಕೈ ಕಟ್ಟಿಕೊಳ್ಳುತ್ತಿದ್ದದ್ದು ಯಾಕೆಂದರೆ, ಬಿಟ್ಟರೆ ಅವು ತಾವಾಗಿಯೇ ಓಡಿಹೋದಾವು ಎಂದು. ಮದುವೆಯಾದ ಹೊಸತರಲ್ಲಿ ಇದನ್ನು ಅವರೇ ಹೇಳಿ ನಕ್ಕಿದ್ದರು. ಆಮೇಲೆ ಸಾಂಗಲಿಯ ಅರಿಷಿಣ ಪೇಟೆಯಲ್ಲಿ ಅಡತಿ ದಲ್ಲಾಳಿ ಅಂಗಡಿ, ಹಗಲೆಲ್ಲ ಕೊಂಬು ಮುರಿದು ಬಣ್ಣ ನೋಡುವ ಕೆಲಸ. ಹೆಬ್ಬೆರಳು ಹಳದಿಯಾಯಿತು, ತಲೆ ನರೆಯತೊಡಗಿತು. ಬಾಣದ ಮಾತು ಮತ್ತೆ ಬಂದಿರಲಿಲ್ಲ.

ಒಳಗೆ ಅತ್ತೆ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದರು. ಮಗನ ಸಣ್ಣ ದನಿ ತಾಯಿಗೆ ಕೇಳದೆ ಇರುತ್ತದೆಯೇ?

"ಏನ ತಂದಿ ಬಾಳೂ? ಸಿಡೀತೈತೇನ ಅದು?"

"ಇಲ್ಲವ್ವಾ. ಹಾರತೈತಿ. ಮ್ಯಾಲ ಹ್ವಾದ ಮ್ಯಾಲ ಛತ್ರಿ ಬಿಚ್ಚತೈತಿ. ಮೆಲ್ಲಕ ಇಳೀತೈತಿ."

"ಇಳಿಯೂಮುಂದ ಯಾರ ಮ್ಯಾಲ ಇಳೀತೈತಿ?"

ಅವರು ಡಬ್ಬಿಯನ್ನು ಈ ಬಗಲಿನಿಂದ ಆ ಬಗಲಿಗೆ ಬದಲಿಸಿದರು. ಆ ಪ್ರಶ್ನೆಯನ್ನು ನಾನು ಎತ್ತಿ ಇಟ್ಟುಕೊಂಡೆ. ಮುಂದಿನ ದಿನಗಳಲ್ಲಿ ನನ್ನ ಹೊರತು ಮನೆಯಲ್ಲಿ ಅದನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಅತ್ತೆ ಮಾತ್ರ ನೀರು ಸೋಸಿದ ಬಟ್ಟೆಯನ್ನು ಕೊಡದ ಬಾಯಿಂದ ಬಿಚ್ಚುತ್ತ, "ಇಷ್ಟ ವಯಸ್ಸಾತು, ಒಂದ ಸುರಸುರಬತ್ತಿ ಕೇಳಲಿಲ್ಲ ನೀ. ಹಾರಸು. ಆದ್ರ ನಾನೂ ಬರತೀನಿ" ಅಂದರು.

ರಾಕೆಟ್ಟು ಕಟ್ಟುವುದೆಂದರೆ ಅರ್ಧ ಕೆಲಸ ಅಡಿಗೆಮನೆಯದೇ ಎಂದು ನನಗೆ ಗೊತ್ತಿರಲಿಲ್ಲ. ಡಬ್ಬಿಯೊಳಗೆ ಇದ್ದದ್ದು ರಟ್ಟಿನ ಒಂದು ಕೊಳವೆ, ಹಪ್ಪಳದಷ್ಟು ತೆಳ್ಳಗಿನ ಕಟ್ಟಿಗೆಯ ರೆಕ್ಕೆಗಳು, ಪ್ಲಾಸ್ಟಿಕ್ಕಿನ ಚೂಪು ಮೂತಿ, ಕೆಂಪು ಬಿಳಿ ಪಟ್ಟೆಯ ಛತ್ರಿ, ಅದು ಸುಡದಂತೆ ಕೊಳವೆಯೊಳಗೆ ತುರುಕುವ ಕಾಗದ, ಹಲ್ಲಿರುವ ಚಿಮಟಿಗೆಯ ತಂತಿ, ಒತ್ತಿದರೆ ಕಿಡಿ ಹತ್ತಿಸುವ ಗುಂಡಿಯ ಸಣ್ಣ ಡಬ್ಬಿ, ಮತ್ತೆ ಬೆರಳುದ್ದದ ಎರಡು ಮದ್ದಿನ ನಳಿಗೆ. ಅಂಟು ಹಚ್ಚಿದ ರೆಕ್ಕೆ ಒಣಗುವ ತನಕ ಕೊಳವೆ ನೆಟ್ಟಗೆ ನಿಲ್ಲಬೇಕು. ನಮ್ಮವರು ಮನೆಯೆಲ್ಲ ಹುಡುಕಿ ಅದನ್ನು ನನ್ನ ಅಕ್ಕಿಯ ಡಬ್ಬದಲ್ಲಿ ನೆಟ್ಟರು. ಅದರ ಸುತ್ತಲಿನ ಅಕ್ಕಿಯನ್ನೇ ಮೆಲ್ಲಗೆ ಕೆದಕಿ ಕೆದಕಿ ತೆಗೆದು ಅನ್ನ ಮಾಡಿದೆ. ಬೆಂಕಿ ನೆಲಕ್ಕೆ ತಾಗದಂತೆ ಕೆಳಗೆ ಇಡುವ ತಗಡು ಡಬ್ಬಿಯಲ್ಲಿರಲಿಲ್ಲ. ಹೋಯಿತು, ನನ್ನ ರೊಟ್ಟಿ ಹಂಚು ಪೇಟೆಯ ವೆಲ್ಡಿಂಗ್ ಅಂಗಡಿಗೆ ಹೋಗಿ ರಾಕೆಟ್ಟು ಆನಿಸುವ ಸರಳಿಗಾಗಿ ನಡುವೆ ತೂತು ಮಾಡಿಸಿಕೊಂಡು ಬಂತು. ಬಿಳಿ ಬಣ್ಣ ಹೊಡೆದದ್ದು ಚೆನ್ನಾಗಿತ್ತು. ಒಂದು ರೆಕ್ಕೆಯ ಮೇಲೆ ಮಾತ್ರ ಹಳದಿ ಹೆಬ್ಬೆರಳು ಮೂಡಿತು.

"ಬಾಬಾ, ರಾಕೆಟಲಾ ಹಳದ ಲಾಗಲೀ!" ಎಂದು ನಮ್ಮ ಮಗಳು ಪ್ರಿಯಾ ಕುಣಿದಳು. ರಾಕೆಟ್ಟಿಗೆ ಮದುವೆಯ ಅರಿಷಿಣ ಹತ್ತಿತು ಅಂತ. ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಹೇಳುವ ಹುಡುಗಿ ಅದು. ಇಂಗ್ಲಿಷಿನ ಸೂಚನೆ ಓದಿ ಹೇಳುವ ಕೆಲಸವೂ ಅವಳದೇ. ಗಾಳಿ ಇರಬಾರದು, ಒಣಹುಲ್ಲು ಇರಬಾರದು, ಮೇಲೆ ತಂತಿ ಇರಬಾರದು, ಸುತ್ತ ಮನೆ ಇರಬಾರದು. ಅವಳು ಓದುತ್ತ ಹೋದಂತೆ ಇವರು ತಲೆಯಾಡಿಸುತ್ತಿದ್ದರು. ನಾನು ಒಂದೊಂದು "ಬಾರದು" ಬಂದಾಗಲೂ ಒಂದೊಂದು ಬೆರಳು ಮಡಚುತ್ತಿದ್ದೆ.

ಆ ಎರಡು ನಳಿಗೆಗಳದ್ದೇ ಒಂದು ಕಥೆ. ಗ್ಯಾಸಿನ ಹತ್ತಿರ ಬೇಡ ಎಂದು ದೇವರ ಕೋಣೆಗೆ ಒಯ್ದೆ, ಅಲ್ಲಿ ದೀಪ. ಅಲ್ಲಿಂದ ಪಡಸಾಲೆಗೆ, ಅಲ್ಲಿ ಕರೆಂಟಿನ ಮೀಟರು. ಕೊನೆಗೆ ಕಪಾಟಿನಲ್ಲಿ ಸ್ವೆಟರಿನಲ್ಲಿ ಸುತ್ತಿಟ್ಟೆ. ಮಲಗಿದ ಮೇಲೆ ಉಣ್ಣೆ ಹತ್ತಿಕೊಂಡರೆ ಎಂದು ಹೊಳೆಯಿತು.

ಇನ್ನು ಬಯಲು. ನಾನು ಮದುವೆಯಾಗಿ ಬಂದಾಗ ಸಾಂಗಲಿ ಮತ್ತು ಮಿರಜಿನ ನಡುವೆ ಬಸ್ಸಿನ ಕಿಟಕಿಯಿಂದ ಜೋಳ ಕಾಣುತ್ತಿತ್ತು. ರಾಕೆಟ್ಟಿಗೆ ಜಾಗ ಹುಡುಕಹೊರಟರೆ ಎಲ್ಲಿ ನೋಡಿದರೂ ಸುಣ್ಣ ಬಳಿದ ಕಲ್ಲು, ಪ್ಲಾಟಿನ ಫಲಕ. ಹೋದ ವಾರ ಖಾಲಿ ಕಂಡ ಜಾಗದಲ್ಲಿ ಈ ವಾರ ಜಲ್ಲಿಯ ರಾಶಿ. ಜಾಗ ಸಿಕ್ಕರೆ ಮೇಲೆ ಕೇಬಲ್ ಟಿವಿಯವರ ತಂತಿ, ಗಿಡದಿಂದ ಗಿಡಕ್ಕೆ, ಮಾಳಿಗೆಯಿಂದ ಮಾಳಿಗೆಗೆ. ಇಷ್ಟು ದೊಡ್ಡ ಆಕಾಶದ ಕೆಳಗೆ ಅದಕ್ಕೆ ಹೋಗುವ ದಾರಿ ಇಲ್ಲವಲ್ಲ ಎಂದು ನಮ್ಮವರು ಬೇಜಾರಾದರು. ನನಗೆ ಒಳಗೊಳಗೆ ಸಮಾಧಾನವೇ ಆಯಿತು.

ಆ ಸಮಾಧಾನ ಕೆಡಿಸಿದವರು ದಾಜಿ, ಅಂದರೆ ಕಸಬೆ ಡಿಗ್ರಜದಲ್ಲಿರುವ ನನ್ನ ಅಕ್ಕನ ಗಂಡ. ಆ ಮಳೆಗಾಲದಲ್ಲಿ ಅವರ ಬೆನ್ನು ಹಿಡಿದು, ಮಿರಜಿನ ಡಾಕ್ಟರು ಹಲಗೆಯ ಮೇಲೆ ಮಲಗಿರಬೇಕೆಂದು ಹೇಳಿದ್ದರು. ಮಲಗಿ ಮಲಗಿ ಬೇಸತ್ತ ಮನುಷ್ಯ, ನೋಡಲು ಹೋದ ನಮ್ಮವರು ರಾಕೆಟ್ಟಿನ ಮಾತೆತ್ತಿದ್ದೇ ತಡ, "ನಮ್ಮ ಹೊಲಕ್ಕ ಬರ್ರಿ ಬಾಳಾಸಾಹೇಬ! ಅರಿಷಿಣ ಕಿತ್ತ ಪಟ್ಟಿ ಖಾಲಿ ಬಿದ್ದೈತಿ" ಅಂದುಬಿಟ್ಟರು. ಆ ಪಟ್ಟಿಯ ಮಗ್ಗುಲಲ್ಲೇ ಕಬ್ಬು ನಿಂತಿದೆ ಎಂದು ಇವರಿಗೆ ಹೇಳಲಿಲ್ಲ. ರಾಕೆಟ್ಟು ಬರುತ್ತದೆ ಎಂದು ಅಕ್ಕನಿಗೂ ಹೇಳಲಿಲ್ಲ.

ಆ ವರ್ಷದ ಕಬ್ಬು ಅಕ್ಕ ಒಬ್ಬಳೇ ಬೆಳೆಸಿದ್ದು. ಪಂಪಿನ ಕರೆಂಟು ರಾತ್ರಿಯಷ್ಟೇ ಬರುತ್ತಿತ್ತು. ಟಾರ್ಚು ಹಿಡಿದು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಹಾವಿಗೆ ಹೆದರುತ್ತಲೇ ಸಾಲಿನಿಂದ ಸಾಲಿಗೆ ನೀರು ತಿರುವಿದ್ದಳು. ಕಡಿಯುವ ಹೊತ್ತು ಬಂದಿತ್ತು. ಆದರೆ ಕಡಿಯುವವರ ಟೋಳಿ ಇಂದು ಬಂದೀತು ನಾಳೆ ಬಂದೀತು ಎನ್ನುತ್ತ ದಿನ ಹೋಗುತ್ತಿದ್ದವು. ಕಬ್ಬಿನ ಕೆಳಗಿನ ಎಲೆಯೆಲ್ಲ ಒಣಗಿ ರವದಿಯಾಗಿ ಸಾಲು ತುಂಬಿತ್ತು. ಒಣ ರವದಿ ಹೇಗಿರುತ್ತದೆ ಎಂದು ಕಬ್ಬಿನ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿಕೊಳ್ಳಲು ಬೀಡಿಯ ತುಂಡು ಸಾಕು.

ನಾವು ರಿಕ್ಷಾ ಮಾಡಿಕೊಂಡು ಹೋದೆವು. ನಮ್ಮವರ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ರಾಕೆಟ್ಟು, ಅತ್ತೆಯ ತೊಡೆಯ ಮೇಲೆ ಸಂಜೆಯ ಊಟದ ಡಬ್ಬಿ, ಪ್ರಿಯಾಳ ತೊಡೆಯ ಮೇಲೆ ನನ್ನ ತೂತಿನ ಹಂಚು. ಅಂಗಳದಲ್ಲಿ ಅಕ್ಕ ಟವೆಲು ಸರಿಸಿ ನೋಡಿದಳು.

"ಸುಶೀ, ಇದನ್ನ ಎಲ್ಲಿ ಹಾರಸಾವ್ರು?"

"ಇಲ್ಲೇ ಅಕ್ಕಾ. ದಾಜಿ ಅಂದಿದ್ರು…"

ಒಳಗೆ ಹಲಗೆಯ ಮೇಲೆ ದಾಜಿ ಕೆಮ್ಮಿದರು.

"ಅವರದೇನ ಹೋಗತೈತಿ? ಮಕ್ಕೊಂಡಲ್ಲೇ ಪರವಾನಗಿ ಕೊಡ್ತಾರ," ಅಂದಳು ಅಕ್ಕ. ಆಮೇಲೆ ನಮ್ಮವರ ಕಡೆ ತಿರುಗಿ, "ಬಾಳಾಸಾಹೇಬರ, ಮೊದಲ ನಿಮ್ಮ ಅರಿಷಿಣದ ಗೋದಾಮದಾಗ ಹಾರಸಿ ನೋಡ್ರಿ. ಅಲ್ಲಿ ಏನೂ ಆಗಲಿಲ್ಲಾಂದ್ರ ಇಲ್ಲಿ ತೊಗೊಂಡ ಬರ್ರಿ."

ನಮ್ಮವರು ನಕ್ಕರು. ಅಕ್ಕ ನಗಲಿಲ್ಲ. ಆದರೆ ತಂಗಿಯ ಅತ್ತೆ ಮೊದಲ ಸಲ ಮನೆಗೆ ಬಂದು ಅಂಗಳದಲ್ಲಿ ನಿಂತಿದ್ದಾರೆ. ಅವರ ಎದುರು ಬೇಡ ಅನ್ನುವುದು ಹೇಗೆ? ಅವಳ ಬಾಯಿ ಗಟ್ಟಿಯಾದದ್ದು ನನಗೆ ಕಂಡಿತು. "ಗಾಳಿ ನಿಲ್ಲಲಿ. ನಿಂತ ಮ್ಯಾಲ ಹಾರಸ್ರಿ" ಎಂದಳು, ಅಷ್ಟೇ.

ತೊಡಕು ಹುಟ್ಟಿದ್ದು ಇಲ್ಲಿಯೇ. ನಮ್ಮ ಕಡೆ ಚಳಿಗಾಲದ ಗಾಳಿ ಹೊತ್ತು ಮುಳುಗಿದ ಮೇಲೆ ನಿಲ್ಲುತ್ತದೆ. ನಮ್ಮ ಮನೆಯ ಊಟ ಹೊತ್ತು ಮುಳುಗುವ ಮೊದಲೇ ಮುಗಿಯಬೇಕು. ಅತ್ತೆಯ ಜೀವಮಾನದಲ್ಲಿ ಸೂರ್ಯ ಇಳಿದ ಮೇಲೆ ತುತ್ತು ಬಾಯಿಗೆ ಹೋದದ್ದಿಲ್ಲ. ಹಾರಿಸಿ, ಹುಡುಕಿ, ಕೈಕಾಲು ತೊಳೆದು, ಉಣ್ಣಬೇಕು. ಗಾಳಿಗೆ ಈ ನಿಯಮ ಗೊತ್ತಿಲ್ಲ.

ಹೊಲದಲ್ಲಿ ಅತ್ತೆ ಮೆತ್ತನೆಯ ಕಸಬರಿಗೆಯಿಂದ ನೆಲ ಗುಡಿಸಿದರು. ಇರುವೆಗಳು ಹಂಚಿನ ಕೆಳಗೆ ಸಿಕ್ಕಬಾರದು. ಬಾವಿಯ ಕಡೆ ಒಂದು ಹಿಡಿ ಹಿಟ್ಟು ಸಕ್ಕರೆ ಇಟ್ಟು ಬಂದು, "ಅವು ಅಲ್ಲಿ ಊಟ ಮಾಡಲಿ, ಅಷ್ಟರಾಗ ಮುಗಸ್ರಿ" ಅಂದರು. ನಾನು ಬಕೀಟು, ಕೊಡ, ಔಷಧ ಹೊಡೆಯುವ ಪಂಪು, ಕೊನೆಗೆ ದನದ ಕಲಗಚ್ಚಿನ ಬಾನಿಗೂ ನೀರು ತುಂಬಿ ಕಬ್ಬಿನ ಅಂಚಿಗೆ ಸಾಲಾಗಿ ಇಟ್ಟೆ. ಅಕ್ಕ ಒಂದು ಸಲ ನನ್ನ ಸಾಲನ್ನು ನೋಡಿದಳು, ಒಂದು ಸಲ ತನ್ನ ಕಬ್ಬನ್ನು ನೋಡಿದಳು. ಅದು ನನ್ನ ಮದುವೆಯ ಚಪ್ಪರಕ್ಕಿಂತ ಎತ್ತರವಿತ್ತು. ನನ್ನ ಬಕೀಟು ಸಣ್ಣದಾಗುತ್ತ ಹೋಯಿತು.

ಕಾದೆವು. ಎಲೆಗಳು ಸರಸರ ಅನ್ನುತ್ತಲೇ ಇದ್ದವು. ಸೂರ್ಯ ನದಿಯ ಕಡೆಗೆ ಇಳಿದ. ಒಂದು ಗಳಿಗೆ ಸದ್ದು ನಿಂತಿತು. ಪ್ರಿಯಾ ಮಣ್ಣು ತೂರಿ ನೋಡಿದಳು, ನೆಟ್ಟಗೆ ಬಿತ್ತು.

"ಗಾಳಿ ನಿಂತತಿ!" ಅಂದರು ನಮ್ಮವರು.

"ನಿಂತಿಲ್ಲ," ಅಂದಳು ಅಕ್ಕ. "ಉಸಿರ ತೊಗೊಳ್ಳಾಕತ್ತೈತಿ."

"ಬಾಳೂ, ಹೊತ್ತ ಇಳದೈತಿ. ಹಾರಸೂದಿದ್ರ ಹಾರಸು. ಇಲ್ಲಾಂದ್ರ ಡಬ್ಬಿ ಬಿಚ್ಚೂಣು," ಅಂದರು ಅತ್ತೆ.

ಜೀವನವಿಡೀ ಅವ್ವನ ಮಾತು ಕೇಳಿದ ಮನುಷ್ಯ ಅವತ್ತೂ ಕೇಳಿದರು. ಪ್ರಿಯಾ ಎಣಿಸಿದಳು, "ಪಾಚ, ಚಾರ, ತೀನ, ದೋನ, ಏಕ!"

ನಮ್ಮವರು ಗುಂಡಿ ಒತ್ತಿದರು. ಕಾದ ಹಂಚಿಗೆ ನೀರು ಚಿಮುಕಿಸಿದ ಹಾಗೆ ಸದ್ದಾಯಿತು. ಅದರ ದೊಡ್ಡಣ್ಣನಂಥ ಸದ್ದು. ಎಲ್ಲರ ಕತ್ತೂ ಮೇಲೆ ಹೋಯಿತು. ನಾನು ಮಾತ್ರ ಕಬ್ಬು ನೋಡುತ್ತಿದ್ದೆ. ಹಾಗಾಗಿ ಗಾಳಿ ಮರಳಿದ್ದನ್ನು ಮೊದಲು ಕಂಡವಳು ನಾನು. ತುದಿಯ ಎಲೆಗಳೆಲ್ಲ ಒಟ್ಟಿಗೆ ಮೂಡಣಕ್ಕೆ ಬಾಗಿದವು. "ಛತ್ರಿ ಉಘಡಲೀ!" ಎಂದು ಪ್ರಿಯಾ ಕೂಗಿದಳು. ಛತ್ರಿ ಬಿಚ್ಚಿಕೊಂಡಿತ್ತು. ಬಿಚ್ಚಿಕೊಳ್ಳದೆ ಇದ್ದಿದ್ದರೆ ಎದುರಿಗೇ ಬೀಳುತ್ತಿತ್ತೋ ಏನೋ. ಮೇಲೆ ನೋಡುತ್ತಿದ್ದ ಮುಖಗಳು ಮೆಲ್ಲಗೆ ನನ್ನ ಕಡೆ ತಿರುಗಿದವು, ನನ್ನ ತಲೆಯ ಮೇಲಿಂದ ಹಾದು ಕಬ್ಬಿನ ಮೇಲೆ ನಿಂತವು. ಅಕ್ಕನ ಮುಖವೂ ನಿಂತಿತು. ಎಲ್ಲಿ ಬಿತ್ತು ಎಂದು ನಾನು ಕೇಳಲಿಲ್ಲ.

ನಮ್ಮವರು ಚಪ್ಪಲಿ ಕಳಚಿ ಕಬ್ಬಿನೊಳಗೆ ನುಗ್ಗಿದರು.

"ಸಾಲ ಹಿಡದ ಹೋಗ್ರಿ! ಅಡ್ಡ ಹಾಯಬ್ಯಾಡ್ರಿ, ಮುರದೀತು!" ಅಕ್ಕನ ದನಿ ಸೀಳಿತ್ತು.

ಅವರು ಹೋದ ದಾರಿಯಲ್ಲಿ ರವದಿ ಮುರಿಯುವ ಸದ್ದು ದೂರವಾಗುತ್ತ ಹೋಗಿ ಕೇಳದಾಯಿತು. ನಾವು ಮೂಸುತ್ತ ನಿಂತೆವು. ಖರೆ ಹೇಳುತ್ತೇನೆ, ಮೂವರು ಹೆಂಗಸರೂ ಒಬ್ಬ ಹುಡುಗಿಯೂ ಮೂಗು ಮೇಲೆತ್ತಿ ಬೇಟೆನಾಯಿಗಳ ಹಾಗೆ ನಿಂತಿದ್ದೆವು. ಅಷ್ಟರಲ್ಲಿ ಹೊಗೆಯ ವಾಸನೆ ಬಂತು. ನಾನು ಬಕೀಟು ಎತ್ತಿ ಓಡಿದೆ. ಯಾವ ಕಡೆಗೆ ಎಂದು ತಿಳಿಯದೆ ಅರ್ಧ ನೀರನ್ನು ನನ್ನ ಸೀರೆಗೇ ಚೆಲ್ಲಿಕೊಂಡೆ.

"ಸುಶೀ, ನಿಲ್ಲ," ಅಂದಳು ಅಕ್ಕ. "ಬೆಲ್ಲದ ವಾಸನಿ ಅದು. ಆಚಿ ಹೊಲದಾಗ ಗಾಣ ಹೂಡ್ಯಾರ."

ಅಷ್ಟು ಅಂದವಳು ಬದುವಿನ ಮೇಲೆ ಕೂತುಬಿಟ್ಟಳು. ನಾನು ಅವಳ ಕೈ ಹಿಡಿದುಕೊಳ್ಳಲು ಹೋದೆ. ಎಳೆದುಕೊಂಡಳು.

ಸೂರ್ಯ ಇನ್ನು ಒಂದು ಗೆರೆಯಷ್ಟು ಉಳಿದಿದ್ದ. ಅಕ್ಕನೇ ಎದ್ದು ಡಬ್ಬಿ ತಂದು ಅತ್ತೆಯ ಮುಂದೆ ಇಟ್ಟಳು. ಕೋಪ ಬೇರೆ, ಮನೆಗೆ ಬಂದ ಹಿರಿಯರ ಊಟ ಬೇರೆ.

"ಎರಡ ತುತ್ತ ತಿನ್ರಿ ಅತ್ತಿಯವರ. ಹೊತ್ತ ಮುಳಗತೈತಿ."

ಅತ್ತೆ ಕಬ್ಬಿನಿಂದ ಕಣ್ಣು ತೆಗೆಯಲಿಲ್ಲ. "ನನ್ನ ಊಟದ ಸಲುವಾಗೇ ಅವಸರ ಮಾಡಿದ್ವಿ. ಅದು ಇವತ್ತ ನನಗ ಇಳಿಯಂಗಿಲ್ಲವ್ವಾ."

ಸೂರ್ಯ ಹೋದ. ಡಬ್ಬಿ ಮುಚ್ಚಿಯೇ ಇತ್ತು. ಅಕ್ಕನೂ ಜೈನರ ಮಗಳೇ; ಅವಳದೂ ಅವತ್ತಿನ ಊಟ ಹೋಯಿತು. ಬಂದು ಅತ್ತೆಯ ಪಕ್ಕದಲ್ಲಿ ಕೂತಳು.

ನಮ್ಮವರು ಹೊರಬಂದಾಗ ಮುಖ, ತೋಳುಗಳಲ್ಲೆಲ್ಲ ಕಬ್ಬಿನ ಎಲೆ ಕೊಯ್ದ ಗೆರೆ. ಕೈಯಲ್ಲಿ ಒಂದು ರೆಕ್ಕೆ ಮುರಿದ ರಾಕೆಟ್ಟು. ಅತ್ತೆ ಅದನ್ನು ಕಸಿದುಕೊಂಡು ಸುಟ್ಟ ತುದಿಯನ್ನು ತಮ್ಮ ಕೆನ್ನೆಗೆ ಒತ್ತಿ ನೋಡಿದರು. ಹುಡುಗರ ಜ್ವರ ನೋಡುವ ಹಾಗೆ. "ತಣ್ಣಗೈತಿ" ಅಂದರು.

"ಒಳಗ ತುರಕಿದ್ದ ಕಾಗದ?" ಅಂದಳು ಅಕ್ಕ.

"ಮ್ಯಾಲೇ ಉದುರಿರತೈತಿ. ಅದು ಹತ್ತಂಗಿಲ್ಲಂತ ಬರದಾರ."

"ಬರದಾರ," ಅಂದಳು ಅಕ್ಕ. "ಕತ್ತಲ ಆಗಲಿ. ಕೆಂಡ ಇದ್ರ ಕಾಣತೈತಿ."

ಕತ್ತಲಾಗುವ ತನಕ ನಿಂತೆವು. ಏನೂ ಕಾಣಲಿಲ್ಲ. ಅಕ್ಕ ನಮ್ಮವರ ಮುಂದೆ ಕೈ ಚಾಚಿ ಉಳಿದ ನಳಿಗೆಯನ್ನು ಇಸಿದುಕೊಂಡು ಸೆರಗಿಗೆ ಕಟ್ಟಿದಳು. "ಕಬ್ಬ ಹೋಗೂತನಕ ಇದು ನನ್ನ ಕಡೆ ಇರಲಿ." ರಿಕ್ಷಾದವರೆಗೆ ಬಂದಳು, ಅತ್ತೆಯ ಕಾಲು ಮುಟ್ಟಿದಳು. ನನ್ನ ಕಡೆ ನೋಡಲಿಲ್ಲ.

ರಿಕ್ಷಾ ಡಿಗ್ರಜದಿಂದ ಸಾಂಗಲಿಯ ಅರ್ಧ ದಾರಿಗೆ ಬಂದಿತ್ತು. ಆಗ ಹಸಿದ ಅತ್ತೆ, ತುಂಬಿದ ಡಬ್ಬಿಯನ್ನು ತೊಡೆಯ ಮೇಲೆ ಸರಿಪಡಿಸಿಕೊಳ್ಳುತ್ತ ಕೇಳಿದರು, "ಬಾಳೂ, ಮುಂಜಾನೆ ಗಾಳಿ ಇರಂಗಿಲ್ಲಲಾ?"

ನೀವು ನಂಬಲಿಕ್ಕಿಲ್ಲ, ನಮ್ಮಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಮುಂಜಾನೆ ಎಂದರೆ ಬಸದಿ, ಆಮೇಲೆ ಅಂಗಡಿ. ಉಳಿದ ಎಲ್ಲ ಕೆಲಸವನ್ನೂ ಸಂಜೆಯ ಊಟದಿಂದ ಹಿಂದಕ್ಕೆ ಲೆಕ್ಕ ಹಾಕಿ ಹೊಂದಿಸುವ ಮನೆ ನಮ್ಮದು.

ಮುಂದಿನ ದಿನಗಳನ್ನು ನಾನು ಹೇಗೆ ಕಳೆದೆನೋ. ಬದುವಿನ ಮೇಲೆ ಅವಳು ಎಳೆದುಕೊಂಡ ಕೈ ನನ್ನ ಕೈಯಲ್ಲೇ ಉಳಿದಂತಿತ್ತು. ಡಿಗ್ರಜದ ಕಡೆಯವರು ಯಾರು ಪೇಟೆಗೆ ಬಂದರೂ ನಮ್ಮವರಿಂದ ಕೇಳಿಸುತ್ತಿದ್ದೆ. ಮೂಲೆಯ ಎಸ್‌ಟಿಡಿ ಬೂತಿನಿಂದ ಫೋನು ಮಾಡುತ್ತಿದ್ದೆ. ದಾಜಿಯೇ ಎತ್ತುತ್ತಿದ್ದರು. "ನಿಂತೈತವ್ವಾ ಕಬ್ಬು, ನಿಂತೈತಿ" ಅನ್ನುತ್ತಿದ್ದರು. ಅಕ್ಕ ಎಲ್ಲಿ ಎಂದರೆ ಯಾವಾಗಲೂ ಹೊಲದಲ್ಲಿ. ಎಂದೋ ಬಿದ್ದ ಕಿಡಿ ಇಷ್ಟು ದಿನ ಉಳಿಯುವುದಿಲ್ಲ ಎಂದು ನಮ್ಮವರು ಸಮಾಧಾನ ಹೇಳುತ್ತಿದ್ದರು. ನಾನು ಹೆದರಿದ್ದು ಆ ಕಿಡಿಗಲ್ಲ ಎಂದು ಅವರಿಗೆ ಗೊತ್ತಿತ್ತು. ಮುರಿದ ರೆಕ್ಕೆಯನ್ನು ಅಂಟಿಸಿ ರಾಕೆಟ್ಟನ್ನು ಕಪಾಟಿನ ಮೇಲೆ ಎತ್ತಿಟ್ಟಿದ್ದರು.

ಒಂದು ದಿನ ಫೋನಿನಲ್ಲಿ ಅಕ್ಕನ ದನಿ ಬಂತು. "ಟೋಳಿ ಬಂದಿತ್ತು. ಕಬ್ಬ ಹೋತು. ನಾಳಿ ಮುಂಜಾನೆ ಬಾಣ ತೊಗೊಂಡ ಬರ್ರಿ ಎಲ್ಲಾರೂ, ಗಾಳಿ ಇರಂಗಿಲ್ಲ."

ಹೋದೆವು. ಅಷ್ಟು ಎತ್ತರದ ಕಬ್ಬಿದ್ದ ಜಾಗದಲ್ಲಿ ಈಗ ರವದಿಯನ್ನೂ ಬಾಚಿ ತೆಗೆದ ಬೋಳು ಕೂಳೆ. ಅದರಾಚೆ ನಾನು ಎಂದೂ ನೋಡದಿದ್ದ ಬೇರೆಯವರ ಹೊಲ, ಗಿಡ, ಒಂದು ಗುಡಿಸಲು ಎಲ್ಲ ಕಾಣುತ್ತಿದ್ದವು. ಬೆನ್ನಿಗೆ ಪಟ್ಟಿ ಕಟ್ಟಿಕೊಂಡ ದಾಜಿಯೂ ಕೋಲೂರಿ ಬಂದು ನಿಂತರು. ಎಲೆಯೊಂದೂ ಅಲುಗುತ್ತಿರಲಿಲ್ಲ. ಅಲುಗಲು ಎಲೆಯೇ ಇರಲಿಲ್ಲ. ನಾನು ಬಕೀಟು ತುಂಬಿ ಇಟ್ಟುಕೊಂಡೇ ಇದ್ದೆ.

ಅಕ್ಕ ಸೆರಗಿನ ಗಂಟು ಬಿಚ್ಚಿ ನಳಿಗೆ ಕೊಟ್ಟಳು. ನಮ್ಮವರು ಕೂತು ಎಲ್ಲ ಜೋಡಿಸಿದರು, ತಂತಿ ಎಳೆದರು. ಎದ್ದು ನಿಂತು ಗುಂಡಿಯಿದ್ದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅದನ್ನು ಅಕ್ಕನ ಮುಂದೆ ಹಿಡಿದರು.

"ನೀವ ಒತ್ರಿ ಅಕ್ಕಾ."

"ನಾ ಯಾಕ್ರಿ? ನಿಮ್ಮ ಬಾಣ."

"ಹೊಲ ನಿಮ್ಮದೈತಿ."

ಅಕ್ಕ ಸೀರೆಗೆ ಕೈ ಒರೆಸಿಕೊಂಡು ಡಬ್ಬಿ ತೆಗೆದುಕೊಂಡಳು. ನಾನು ಅವಳನ್ನೇ ನೋಡುತ್ತಿದ್ದೆ. ಒತ್ತಿದಳು. ಸದ್ದಾಯಿತು. ಅವಳು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಅವಳ ಗದ್ದ ಮೇಲೇರುತ್ತ ಹೋಯಿತು, ಕಣ್ಣು ಅಗಲವಾಗುತ್ತ ಹೋದವು, ತಲೆಯ ಮೇಲಿನ ಸೆರಗು ಜಾರಿ ಹೆಗಲಿಗೆ ಬಿತ್ತು. ಅದನ್ನು ಎತ್ತಿಕೊಳ್ಳುವುದನ್ನೂ ಮರೆತು ಅವಳು ಬಾಯಿ ತೆರೆದು 'ಅವ್ವಯ್ಯಾ' ಅಂದಳು. ಮೇಲೆ ನೋಡುತ್ತಲೇ ಕೈ ಚಾಚಿ ತಡಕಾಡಿ ನನ್ನ ಮೊಣಕೈ ಹಿಡಿದು ಗಟ್ಟಿಯಾಗಿ ಅಲುಗಾಡಿಸಿದಳು.

"ನೋಡ ಸುಶೀ, ಮ್ಯಾಲ ನೋಡ! ಅಲ್ಲಿ, ಅಲ್ಲಿ! ಕಂಡತೇನ?"

ನಾನು ಕತ್ತೆತ್ತುವುದರೊಳಗೆ ಒಂದು ಗೆರೆ ಹೊಗೆಯಷ್ಟೇ ಉಳಿದಿತ್ತು.

"ಕಂಡತಕ್ಕಾ," ಅಂದೆ. ಏನು ಕಂಡಿತು ಎಂದು ಅವಳು ಕೇಳಲಿಲ್ಲ. ಕೈಯನ್ನೂ ಬಿಡಲಿಲ್ಲ.